ಸಾಗವಾನಿ, ಸಾಲ್, ಪೈನ್: ನವನಗರದ ಮನೆಗೆ ಯಾವ ಮರ ಎಲ್ಲಿ ಹಾಕಿಸಬೇಕು?

ನವನಗರ ಮನೆ

ಎಲ್ಲರಿಗೂ ನಮಸ್ಕಾರ. ನವನಗರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ತಳಪಾಯ ಮುಗಿದಿದೆ, ಗೋಡೆ ಏಳುತ್ತಿದೆ. ಚೌಕಟ್ಟು ಪೂಜೆಗೆ ದಿನ ನೋಡಿ ಆಯ್ತು, ಮರ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ಮುಂಬಾಗಿಲಿಗೆ ಸಾಗವಾನಿ ಅಂತ ಎಲ್ಲರೂ ಒಪ್ಪಿದ್ದಾರೆ. ತಕರಾರು ಇರುವುದು ಉಳಿದದ್ದಕ್ಕೆ. ಮೇಸ್ತ್ರಿ "ಎಲ್ಲಾ ಚೌಕಟ್ಟಿಗೂ ಸಾಲ್ ಹಾಕ್ರಿ" ಅನ್ನುತ್ತಾರೆ. ಪುಣೆಯಲ್ಲಿರುವ ಮೈದುನ ತನ್ನ ಫ್ಲ್ಯಾಟಿನಲ್ಲಿ ಪೈನ್ ಹಾಕಿಸಿದ್ದಾನೆ, ಖರ್ಚು ಕಡಿಮೆ ಅಂತ ಅವನ ವಾದ. ಅತ್ತೆಯವರು "ಮೆತ್ತನೆ ಮರ ನಮ್ಮ ಮನೆಗೆ ಬೇಡ" ಅಂತ ಖಡಾಖಂಡಿತ ಹೇಳಿದ್ದಾರೆ. ಪಡುವಣ ದಿಕ್ಕಿಗೆ ಎರಡು ದೊಡ್ಡ ಕಿಟಕಿ ಬರುತ್ತವೆ. ಆ ಕಡೆ ಮಳೆ ನೇರ ಬಡಿಯುತ್ತದೆ. ಒಳಗೆ ಮಲಗುವ ಕೋಣೆ ಬಾಗಿಲು, ದೇವರ ಮನೆ ಬಾಗಿಲು, ಅಡಿಗೆಮನೆ ಕಪಾಟು ಇವೆ. ತಿಳಿದವರು ದಯವಿಟ್ಟು ಹೇಳಿ.

ಧಾರವಾಡ ಸಿವಿಲ್

ಅಕ್ಕಾ, ಮೆತ್ತಗೋ ಗಟ್ಟಿಯೋ ಅನ್ನುವುದನ್ನು ಸ್ವಲ್ಪ ಬದಿಗಿಡಿ. ನಿಮ್ಮ ಮನೆಗೆ ಬೇಕಾದ ಉತ್ತರ ಅದರಲ್ಲಿ ಸಿಗುವುದಿಲ್ಲ.

ಪೈನ್, ದೇವದಾರು ಇವು ಸೂಜಿ ಎಲೆಯ, ಕಾಯಿಕೋನು ಬಿಡುವ ಮರಗಳು. ಇವನ್ನೆಲ್ಲ ಸಾಫ್ಟ್‌ವುಡ್ ಗುಂಪಿಗೆ ಹಾಕುತ್ತಾರೆ. ಅಗಲ ಎಲೆಯ ಹೂ ಬಿಡುವ ಮರಗಳು, ಅಂದರೆ ಸಾಗವಾನಿ, ಮತ್ತಿ, ಹೊನ್ನೆ, ಬೇವು, ಮಾವು, ಎಲ್ಲಾ ಹಾರ್ಡ್‌ವುಡ್. ಈ ವಿಂಗಡಣೆ ಗಿಡದ ಜಾತಿ ನೋಡಿ ಮಾಡಿದ್ದು, ಬಾಳಿಕೆ ನೋಡಿ ಅಲ್ಲ. ಬಾಲ್ಸಾ ಅನ್ನುವ ಮರ ಉಗುರಿನಲ್ಲಿ ಒತ್ತಿದರೂ ತಗ್ಗುತ್ತದೆ, ಒಂದು ಘನ ಅಡಿ ನಾಲ್ಕೈದು ಕಿಲೋ ಅಷ್ಟೇ. ಆದರೂ ಅದು ಹಾರ್ಡ್‌ವುಡ್. ನಮ್ಮ ಸೆಂಟ್ರಿಂಗ್‌ನವರು ತರುವ ಗಾಳಿಮರದ ಎಲೆ ಸೂಜಿ ಥರ ಕಾಣುತ್ತದೆ, ಅದೂ ಹಾರ್ಡ್‌ವುಡ್ಡೇ. ಮಾವು ಹಾರ್ಡ್‌ವುಡ್ ಅಂತ ಪಡುವಣ ಕಿಟಕಿಗೆ ಹಾಕಿದರೆ ಕೆಲವೇ ಮಳೆಗಾಲಕ್ಕೆ ಕೊಳೆಯುತ್ತದೆ. ಹಿಮಾಲಯದ ದೇವದಾರು ಸಾಫ್ಟ್‌ವುಡ್, ಅದರ ಚೇಗು, ಅಂದರೆ ದಿಮ್ಮಿಯ ಒಳಗಿನ ಗಾಢ ಬಣ್ಣದ ಗಟ್ಟಿ ಭಾಗ, ಬಯಲಲ್ಲೂ ಬಹಳ ಕಾಲ ನಿಲ್ಲುತ್ತದೆ.

ಹಾಗಾಗಿ ಮೊದಲು ಜಾಗ ನೋಡಿ. ಮಳೆ ಬಿಸಿಲು ಬೀಳುವ ಜಾಗ, ನೆಲಕ್ಕೆ ಅಥವಾ ಹಸಿ ಗೋಡೆಗೆ ತಾಗುವ ಜಾಗ, ಪೂರ್ತಿ ಒಳಗಿನ ಒಣ ಜಾಗ. ಮೂರಕ್ಕೂ ಒಂದೇ ಮರ ಹಾಕಿಸುವುದರಲ್ಲೇ ದುಡ್ಡು ಜಾಸ್ತಿ ಹೋಗುತ್ತದೆ. ಒಂದೋ ಒಳಗೆ ಬೇಡದ ಖರ್ಚು ಮಾಡುತ್ತೀರಿ, ಇಲ್ಲವೇ ಹೊರಗೆ ಸಾಲದ ಮರ ಹಾಕುತ್ತೀರಿ.

ಕಲಘಟಗಿ ಬಡಿಗ

ಸಿವಿಲ್ ಸರ್ ಹೇಳಿದ್ದಕ್ಕೆ ಇನ್ನೆರಡು ಸೇರಿಸುತ್ತೇನೆ. ಮರ ಕೊಳ್ಳುವಾಗ ನೀವು ಕೇಳಬೇಕಾದದ್ದು ಚೇಗು ಎಷ್ಟಿದೆ, ನೀರು ಎಷ್ಟು ಒಣಗಿದೆ ಅಂತ. ಹೆಸರು ಆಮೇಲೆ.

ಸಾಗವಾನಿಯನ್ನು ಒರಲೆ ತಿನ್ನುವುದಿಲ್ಲ ಅನ್ನುವುದು ಅದರ ಕಂದು ಚೇಗಿಗೆ ಮಾತ್ರ ನಿಜ. ಎಣ್ಣೆ, ಹುಳಕ್ಕೆ ಆಗದ ಅಂಶ ಎರಡೂ ಆ ಚೇಗಿನಲ್ಲೇ ಇರುತ್ತವೆ. ಸುತ್ತಲಿನ ಬಿಳಿ ಭಾಗವನ್ನು ಹುಳ ಬೇರೆ ಮರದಷ್ಟೇ ಸಲೀಸಾಗಿ ತಿನ್ನುತ್ತದೆ. ಕೆಲವು ಕಡೆ ಬಿಳಿ ಭಾಗಕ್ಕೆ ಬಣ್ಣ ಸವರಿ ಇಡುತ್ತಾರೆ. ಚೌಕಟ್ಟಿನ ತುಂಡನ್ನು ತುದಿಯಲ್ಲಿ ಒಂದಿಂಚು ಕೊಯ್ಯಿಸಿ ಒಳಗಿನ ಮುಖ ನೋಡಿ. ರಂದಾ ಒಂದು ಸಲ ಹೊಡೆಸಿ ನೋಡಿ. ಬಣ್ಣ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಇನ್ನು ನೀರು. ಹಸಿ ಮರದ ನೀರು ನೂರಕ್ಕೆ ಸುಮಾರು 28-30ಕ್ಕೆ ಇಳಿಯುವ ತನಕ ಮರ ಕುಗ್ಗುವುದಿಲ್ಲ. ಅದಕ್ಕಿಂತ ಕೆಳಗೆ ಹೋದಂತೆ ಕುಗ್ಗುತ್ತಾ ಹೋಗುತ್ತದೆ, ಉದ್ದಕ್ಕಲ್ಲ, ಅಗಲಕ್ಕೆ. ಸಾಗವಾನಿ ಕಡಿಮೆ ಕುಗ್ಗುವ ಮರ. ಆದರೂ ಪೂರ್ತಿ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಬಳೆಗಳ ಗುಂಟ ನೂರಕ್ಕೆ 5.8ರಷ್ಟು ಕುಗ್ಗುತ್ತದೆ. ಲೆಕ್ಕ ಹಾಕಿ: 20ರ ನೀರಿರುವ, 200 ಮಿಲಿಮೀಟರ್ ಅಗಲದ ಹಲಗೆಯಲ್ಲಿ ಬಾಗಿಲು ಮಾಡಿದೆವು. ಬೇಸಿಗೆಯಲ್ಲಿ ಅದು 12ಕ್ಕೆ ಇಳಿಯಿತು. ಆ ಒಂದು ಹಲಗೆಯೇ ಸುಮಾರು 3 ಮಿಲಿಮೀಟರ್ ಕುಗ್ಗುತ್ತದೆ. ಹೊರಗಿನ ಬೆಳಕು ಕಾಣುವಷ್ಟು ಸಂದು ಬೀಳುತ್ತದೆ. ಜನ ಬಡಿಗನನ್ನು ಬೈಯುತ್ತಾರೆ, ಕೆಲಸದಲ್ಲಿ ತಪ್ಪಿರುವುದಿಲ್ಲ.

ನಮ್ಮೂರ ತೊಟ್ಟಿಲಿನ ಹೆಸರು ಕೇಳಿರುತ್ತೀರಿ. ಅದನ್ನು ಸಾಗವಾನಿಯಲ್ಲಿ ಮಾಡುವುದು ಸುಮ್ನೆ ಅಲ್ಲ. ಮೇಲೆ ಅರಗಿನ ಬಣ್ಣದ ಚಿತ್ರ ಬರುತ್ತದೆ, ಕೆಳಗಿನ ಮರ ಅಲುಗಾಡಿದರೆ ಬಣ್ಣ ಸೀಳುತ್ತದೆ. ಒಣಗಿದ, ನೆಟ್ಟಗೆ ನಿಲ್ಲುವ ಮರವೇ ಬೇಕು.

ನವನಗರ ಮನೆ

ಕಾಕಾ, ನೀರು ಎಷ್ಟಿದೆ ಅಂತ ನಮ್ಮಂಥವರು ನೋಡುವುದು ಹೇಗೆ?

ಕಲಘಟಗಿ ಬಡಿಗ

ಎರಡು ಮೊಳೆ ಚುಚ್ಚಿ ಅಂಕಿ ತೋರಿಸುವ ಮೀಟರ್ ಸಿಗುತ್ತದೆ. ಒಳ್ಳೆ ಬಡಿಗರ ಹತ್ತಿರ ಈಗ ಇರುತ್ತದೆ, ತರಲು ಹೇಳಿ. ಇಲ್ಲವಾದರೆ ತುದಿ ಬಿಟ್ಟು ಒಂದಡಿ ಒಳಗಿಂದ ಸಣ್ಣ ಬಿಲ್ಲೆ ಕೊಯ್ಯಿಸಿ ತಕ್ಷಣ ತೂಗಿ. 250 ಗ್ರಾಂ ಬಂತು ಅನ್ನಿ. ಆಮೇಲೆ 103 ಡಿಗ್ರಿ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 200 ಗ್ರಾಂಗೆ ನಿಂತರೆ ಹೋದ ನೀರು 50 ಗ್ರಾಂ, ಒಣ ತೂಕ 200. ಅಂದರೆ ನೂರಕ್ಕೆ 25. ಅಂಥ ಮರ ಬಾಗಿಲಿಗೆ ಬೇಡ. 12ರ ಆಸುಪಾಸು ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ತುದಿಯ ಬಿಲ್ಲೆ ತೂಗಬೇಡಿ, ತುದಿ ಯಾವಾಗಲೂ ಬೇಗ ಒಣಗಿರುತ್ತದೆ.

ಗದಗ ಪಡಸಾಲೆ

ನಾನು ಪೈನ್ ವಿರುದ್ಧ ಹೇಳುವವನು. ಗದಗದಲ್ಲಿ ನಾವು ಹಿಂದಿನ ಕೋಣೆಗೆ ಪೈನ್ ಚೌಕಟ್ಟು, ಪೈನ್ ಕಿಟಕಿ ಹಾಕಿಸಿದೆವು. ಅಂಗಡಿಯವರು "ಔಷಧಿ ಹೊಡೆದಿದ್ದು, ಮುದ್ರೆ ನೋಡಿ" ಅಂತ ತೋರಿಸಿದರು. ಎರಡನೇ ಮಳೆಗಾಲ ಕಳೆದ ಮೇಲೆ ಗೋಡೆಗೆ ತಾಗಿದ ಕಡೆಯಿಂದ ಒರಲೆ ಹತ್ತಿತು. ಮೇಲೆ ಬಣ್ಣ ಹಾಗೇ ಇತ್ತು, ಒಳಗೆ ಮಣ್ಣು. ಎರಿ ನೆಲದಲ್ಲಿ ಒರಲೆ ಕಾಟ ಎಷ್ಟು ಅಂತ ಇಲ್ಲಿಯವರಿಗೆ ಗೊತ್ತು. ನನ್ನ ಮಟ್ಟಿಗೆ ಪೈನ್ ಬೇಡವೇ ಬೇಡ.

ಧಾರವಾಡ ಸಿವಿಲ್

ಅಣ್ಣಾ, ಆ ಮುದ್ರೆ ನೆನಪಿದೆಯಾ? ತೆನೆಯಂಥ ಚಿತ್ರ, ಪಕ್ಕದಲ್ಲಿ ದೇಶದ ಅಕ್ಷರ, ಎಚ್‌ಟಿ ಅಂತ?

ಗದಗ ಪಡಸಾಲೆ

ಹೌದು, ಅದೇ.

ಧಾರವಾಡ ಸಿವಿಲ್

ಅದು ಹಡಗಿನಲ್ಲಿ ಸಾಮಾನು ಕಳಿಸುವ ಪೆಟ್ಟಿಗೆ, ಪ್ಯಾಲೆಟ್ ಮರದ ಮುದ್ರೆ. ಒಂದು ದೇಶದ ಹುಳ ಇನ್ನೊಂದಕ್ಕೆ ಹೋಗದಿರಲಿ ಅಂತ ಮರದ ನಡುಭಾಗವನ್ನು 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿರುತ್ತಾರೆ. ಆ ಹೊತ್ತಿಗೆ ಒಳಗಿದ್ದ ಹುಳ ಸಾಯುತ್ತದೆ. ನಾಳೆ ಬರುವ ಒರಲೆಗೆ ಅದು ಏನೂ ಮಾಡುವುದಿಲ್ಲ. ಅಂಗಡಿಯವರಿಗೆ ತಿಳಿದಿತ್ತೋ ಇಲ್ಲವೋ, ನಿಮಗೆ ಆದ ನಷ್ಟ ನಿಜ. ಆದರೆ ಅದು ಔಷಧಿ ಹೊಡೆದ ಪೈನ್ ಆಗಿರಲಿಲ್ಲ. ಅದೇ ಜಾಗದಲ್ಲಿ ಮುದ್ರೆಯ ಪಕ್ಕ ಎಂಬಿ ಅಂತ ಇದ್ದರೆ ವಿಷದ ಹೊಗೆ ಹಾಕಿದ್ದು ಅಂತ ಅರ್ಥ. ಅಂಥದ್ದನ್ನು ಮನೆಯೊಳಗಿನ ಕೆಲಸಕ್ಕೆ ತರಬೇಡಿ.

ಔಷಧಿ ಉಣಿಸಿದ ಮರ ಬೇರೆ. ದೊಡ್ಡ ಉರುಳೆಯಲ್ಲಿ ಮರ ಇಟ್ಟು ಗಾಳಿ ಎಳೆದು, ಒತ್ತಡದಲ್ಲಿ ಔಷಧಿ ಒಳಗೆ ನುಗ್ಗಿಸುತ್ತಾರೆ. ತಾಮ್ರ ಇರುವ ಸಿಸಿಎ ಔಷಧಿ ಮರದೊಳಗೆ ಕಚ್ಚಿಕೊಳ್ಳುತ್ತದೆ, ಮಳೆಗೆ ತೊಳೆದು ಹೋಗುವುದಿಲ್ಲ, ಮರಕ್ಕೆ ಹಸಿರು ಛಾಯೆ ಬರುತ್ತದೆ. ಬೋರಾನ್ ಉಣಿಸಿದ್ದು ಒಳಗಿನ ಒಣ ಜಾಗಕ್ಕೆ ಮಾತ್ರ, ಮಳೆಗೆ ಸಿಕ್ಕರೆ ಸೋರಿ ಹೋಗುತ್ತದೆ. ತೋಟದಲ್ಲಿ ಬೆಳೆಸಿದ ಪೈನ್‌ನಲ್ಲಿ ಬಿಳಿ ಭಾಗ ಜಾಸ್ತಿ. ಹುಳಕ್ಕೆ ಅದೇ ಇಷ್ಟ, ಆದರೆ ಔಷಧಿಯನ್ನೂ ಅದೇ ಚೆನ್ನಾಗಿ ಕುಡಿಯುತ್ತದೆ. ಸಾಲ್ ಚೇಗಿಗೆ ಔಷಧಿ ಉಣಿಸಲು ಹೋದರೆ ಒಳಗೆ ಇಳಿಯುವುದೇ ಇಲ್ಲ. ಸಿಸಿಎ ಮರದ ಚೂರನ್ನು ಒಲೆಗೆ, ಬಚ್ಚಲ ಹಂಡೆಗೆ ಮಾತ್ರ ಹಾಕಬೇಡಿ. ಹೊಗೆ ಮತ್ತು ಬೂದಿ ಎರಡೂ ವಿಷ.

ಹಳಿ ನಿವೃತ್ತ, ಹುಬ್ಬಳ್ಳಿ

ಸಿವಿಲ್ ಅವರ ಮಾತಿಗೆ ರೈಲು ಹಳಿಯೇ ಸಾಕ್ಷಿ. ಕಾಂಕ್ರೀಟ್ ಸ್ಲೀಪರ್ ಬರುವ ಮುಂಚೆ ಹಳಿಯ ಕೆಳಗೆ ಮರದ ಸ್ಲೀಪರ್ ಇದ್ದವು. ಸಾಲ್, ಸಾಗವಾನಿ, ದೇವದಾರು ಸ್ಲೀಪರ್‌ಗಳನ್ನು ಔಷಧಿ ಇಲ್ಲದೆ ಹಾಕುತ್ತಿದ್ದರು. ಚೀಡ್ ಪೈನ್‌ಗೆ ಕ್ರಿಯೋಸೋಟ್ ಎಣ್ಣೆ ಉಣಿಸಿ ಹಾಕುತ್ತಿದ್ದರು. ಮೇಲೆ ಗೂಡ್ಸ್ ಗಾಡಿ, ಕೆಳಗೆ ಜಲ್ಲಿ, ಮಳೆ, ಬಿಸಿಲು. ಔಷಧಿ ಕುಡಿದ ಪೈನ್ ಅದನ್ನೆಲ್ಲ ತಾಳಿಕೊಂಡಿತು.

ಒಂದು ಎಚ್ಚರಿಕೆ. ಹಳೆ ಸ್ಲೀಪರ್ ಅಗ್ಗಕ್ಕೆ ಸಿಗುತ್ತದೆ ಅಂತ ಮನೆಯೊಳಗೆ ಮೇಜು, ಬೆಂಚು ಮಾಡಿಸುವವರಿದ್ದಾರೆ. ಕ್ರಿಯೋಸೋಟ್ ಮರವನ್ನು ಮನೆಯೊಳಗೆ ತರಬೇಡಿ. ಬಿಸಿಲಿಗೆ ಎಣ್ಣೆ ಜಿನುಗುತ್ತದೆ, ಚರ್ಮಕ್ಕೆ ಒಳ್ಳೆಯದಲ್ಲ.

ಹುಬ್ಬಳ್ಳಿ ಟಿಂಬರ್

ನಾನು ಮರದ ವ್ಯಾಪಾರದವನು. ಸಾಲ್ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ, ಅಕ್ಕನವರು ಕೇಳಿದ್ದೇ ಅದನ್ನು.

ನಿಜವಾದ ಸಾಲ್ ನಮ್ಮ ದೇಶದ ಉತ್ತರ ಮತ್ತು ಮಧ್ಯ ಭಾಗದ ಕಾಡಿನ ಮರ. ಪೇಟೆಯಲ್ಲಿ "ಮಲೇಷಿಯನ್ ಸಾಲ್" ಅಂತ ಬರುವುದು ಬೇರೆ. ಆ ಹೆಸರಿನಲ್ಲಿ ಹೊರದೇಶದ ಹಲವು ಜಾತಿ ಮರ ಸೇರಿರುತ್ತವೆ. ಒಂದು ಲೋಡಿನದ್ದು ಒಳ್ಳೆಯದು, ಇನ್ನೊಂದು ಲೋಡಿನದ್ದು ಸಾಧಾರಣ. ಹೆಸರು ನೋಡಿ ಕೊಳ್ಳಬೇಡಿ, ತೂಕ ಮತ್ತು ಚೇಗು ನೋಡಿ. ಒಣಗಿದ ಸಾಗವಾನಿ ಘನ ಅಡಿಗೆ ಸುಮಾರು 18 ಕಿಲೋ, ಪೈನ್ 14ರ ಆಸುಪಾಸು, ಮತ್ತಿ 24ರ ಹತ್ತಿರ. ಸಾಲ್ ಕೂಡ ಮತ್ತಿಯಷ್ಟೇ ಭಾರ. ಗೋಡೆಯಲ್ಲಿ ಕೂರುವ ಚೌಕಟ್ಟಿಗೆ ಭಾರ ತೊಂದರೆ ಅಲ್ಲ. ಬಾಗಿಲಿಗೆ ಬೇಡ. ಬಿಜಾಗರಿ ಜೋತು ಬೀಳುತ್ತದೆ, ನಿಧಾನ ಒಣಗುವ ಮರವಾದ್ದರಿಂದ ತಿರುಚುತ್ತದೆ, ಸೀಳು ಬಿಡುತ್ತದೆ.

ಸಾಗವಾನಿಯಲ್ಲೂ ಹಾಗೇ. ದಾಂಡೇಲಿ, ಕಿರವತ್ತಿ ಡಿಪೋಗಳಲ್ಲಿ ಅರಣ್ಯ ಇಲಾಖೆ ಹರಾಜು ಹಾಕುವ ಮರ ಒಂದು. ಘಾನಾ, ಈಕ್ವೆಡಾರ್ ಕಡೆಯ ತೋಟದಿಂದ ಬರುವ ಮರ ಇನ್ನೊಂದು. ಅದು ಬೇಗ ಬೆಳೆಸಿ ಬೇಗ ಕಡಿದದ್ದು, ಬಿಳಿ ಭಾಗ ಜಾಸ್ತಿ, ಬೆಲೆ ಕಡಿಮೆ. ಯಾರಾದರೂ ಬರ್ಮಾ ದಿಮ್ಮಿ ಹೊಸದಾಗಿ ಬಂದಿದೆ ಅಂದರೆ ಕಾಗದ ಕೇಳಿ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿ ರಫ್ತು ನಿಲ್ಲಿಸಿದೆ.

ಅಳತೆ ಹೇಗೆ ಅಂತಲೂ ಹೇಳಿಬಿಡುತ್ತೇನೆ. 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಚೌಕಟ್ಟು, ಹೊಸ್ತಿಲು ಸೇರಿ ಒಟ್ಟು 21 ಅಡಿ ಉದ್ದ. ಮರ 5 ಇಂಚು 3 ಇಂಚು. 21ಕ್ಕೆ 15 ಗುಣಿಸಿ 144ರಿಂದ ಭಾಗಿಸಿ. 2.19 ಘನ ಅಡಿ ಬರುತ್ತದೆ. ಬಿಲ್ಲಿನಲ್ಲಿ ಇದಕ್ಕಿಂತ ಬಹಳ ಜಾಸ್ತಿ ಇದ್ದರೆ ಏಕೆ ಅಂತ ಕೇಳಿ. ಕೊಯ್ತದ ಅಳತೆ 5 ಇಂಚು ಇದ್ದರೆ ರಂದಾ ಹೊಡೆದ ಮೇಲೆ ಸ್ವಲ್ಪ ಕಡಿಮೆ ಆಗುವುದು ಸಹಜ, ಅದು ಮೋಸ ಅಲ್ಲ. ದುಂಡು ದಿಮ್ಮಿ ಕೊಂಡರೆ ಲೆಕ್ಕವೇ ಬೇರೆ. ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸುತ್ತಾರೆ. ನಿಜವಾದ ಗಾತ್ರದ ನೂರಕ್ಕೆ 78.5ರಷ್ಟು ಮಾತ್ರ ಬಿಲ್ಲಿಗೆ ಬರುತ್ತದೆ. ಉಳಿದದ್ದು ಕೊಯ್ಯುವಾಗ ಹೋಗುವ ಬೆನ್ನು ಹಲಗೆ ಅಂತ ಬಿಟ್ಟಿರುವುದು.

ಹಾನಗಲ್ ತೋಟ

ನಮ್ಮ ಬದುವಿನ ಮೇಲೆ 15 ವರ್ಷದ ಸಾಗವಾನಿ ಸಾಲು ಇದೆ. ತಂಗಿಯ ಮನೆಗೆ ಅದನ್ನೇ ಕೊಯ್ಯಿಸೋಣ ಅಂದುಕೊಂಡಿದ್ದೇವೆ. ನಮ್ಮದೇ ಮರ ಅಲ್ವಾ, ತೊಂದರೆ ಇಲ್ಲವಲ್ಲ?

ಕಲಘಟಗಿ ಬಡಿಗ

ತಮ್ಮಾ, ಇನ್ನೂ ಹತ್ತು ಹದಿನೈದು ವರ್ಷ ಬಿಡು. ಈಗ ಕಡಿದರೆ ಅರ್ಧಕ್ಕರ್ಧ ಬಿಳಿ ಭಾಗವೇ. ಒಳಗಿನ ಕಪಾಟಿಗೆ ಔಷಧಿ ಉಣಿಸಿ ಹಾಕಬಹುದು, ಚೌಕಟ್ಟಿಗೆ ಅಗಲ ಸಿಗುವುದಿಲ್ಲ.

ಧಾರವಾಡ ಸಿವಿಲ್

ಕಡಿಯುವುದಾದರೂ ಮೊದಲು ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಸ್ವಂತ ಜಮೀನಿನ ಸಾಗವಾನಿಗೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಮರ ಸಾಗಿಸಲು ಪಾಸ್ ಬೇರೆ ಬೇಕು. ಪಾಸ್ ಇಲ್ಲದೆ ಟ್ರ್ಯಾಕ್ಟರ್ ರಸ್ತೆಗೆ ಇಳಿದರೆ ಮರವೂ ಹೋಗುತ್ತದೆ, ಟ್ರ್ಯಾಕ್ಟರೂ ಸಿಕ್ಕಿಬೀಳುತ್ತದೆ.

ಗದಗ ಪಡಸಾಲೆ

ಮುದ್ರೆ ವಿಷಯ ತಿಳಿಸಿದ್ದಕ್ಕೆ ಸಿವಿಲ್ ಸರ್‌ಗೆ ಧನ್ಯವಾದ. ಅಕ್ಕನವರಿಗೆ ನನ್ನದೊಂದು ಸಲಹೆ ಇದೆ. ನಮ್ಮ ಕಡೆ ಹಳೆ ಮಣ್ಣಿನ ಮಾಳಿಗೆ ಮನೆಗಳನ್ನು ಕೆಡವುತ್ತಿದ್ದಾರೆ. ತೊಲೆ, ಜಂತಿ, ಕಂಬ, ಬೋದಿಗೆ, ಎಲ್ಲಾ ಹೊರಗೆ ಬರುತ್ತಿವೆ. ಸಾಗವಾನಿ ಇರುತ್ತದೆ, ಮತ್ತಿ ಇರುತ್ತದೆ. ಬಯಲು ಸೀಮೆಯಾದ್ದರಿಂದ ಬೇವು, ಜಾಲಿಯೂ ಸಿಗುತ್ತವೆ. ನಮ್ಮ ಹಿರಿಯರು ಜಾಲಿ ಮರ ಕಡಿದು ಸಿಪ್ಪೆ ತೆಗೆದು ತಿಂಗಳುಗಟ್ಟಲೆ ಕೆರೆ ನೀರಿನಲ್ಲಿ ಮುಳುಗಿಸಿ ಇಡುತ್ತಿದ್ದರು. ಹುಳಕ್ಕೆ ಬೇಕಾದ ಗಂಜಿ ಅಂಶ ನೀರಿಗೆ ಹೋಗುತ್ತದೆ, ಆಮೇಲೆ ಕೊರಕ ಹುಳು ಹತ್ತುವುದು ಕಡಿಮೆ. ಗಾಡಿ, ನೇಗಿಲು, ಜಂತಿ ಎಲ್ಲಾ ಆ ಮರದ್ದೇ.

ಈ ಹಳೆ ತೊಲೆಗಳು ಹೊಟ್ಟೆಯವರೆಗೂ ಒಣಗಿರುತ್ತವೆ. ಹೊಸ ಮರದಲ್ಲಿ ದುಡ್ಡು ಕೊಟ್ಟರೂ ಅಂಥ ಒಣಗು ಸಿಗುವುದು ಕಷ್ಟ. ಅವನ್ನು ಸೌದೆ ಲೆಕ್ಕದಲ್ಲಿ ಮಾರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮುನ್ನೂರು ವರ್ಷ ಬಾಳುವ ಚೇಗನ್ನು ಬೆಲ್ಲದ ಗಾಣದ ಒಲೆಗೆ ಹಾಕುತ್ತಾರೆ. ದಯವಿಟ್ಟು ಹಳೆ ಮನೆ ಕೆಡವುವವರು ಮೊದಲು ಒಬ್ಬ ಬಡಿಗರನ್ನು ಕರೆಸಿ ತೋರಿಸಿ.

ಹುಬ್ಬಳ್ಳಿ ಟಿಂಬರ್

ಮುನ್ನೂರು ವರ್ಷ ಅನ್ನುವುದು ಸ್ವಲ್ಪ ಜಾಸ್ತಿ ಆಯ್ತು, ಮಾತು ಮಾತ್ರ ಸರಿ. ಹಳೆ ತೊಲೆ ಕೊಳ್ಳುವಾಗ ಎರಡೂ ತುದಿ ನೋಡಿ. ಗೋಡೆಯೊಳಗೆ ಕೂತಿದ್ದ ಒಂದೆರಡು ಅಡಿಯಲ್ಲೇ ಕೊಳೆತ, ಒರಲೆ ಇರುವುದು. ಅಷ್ಟು ಕತ್ತರಿಸಿ ಬಿಸಾಡಿ, ಉಳಿದ ಉದ್ದಕ್ಕೆ ಮಾತ್ರ ಬೆಲೆ ಕೊಡಿ. ಸಾ ಮಿಲ್ಲಿಗೆ ಒಯ್ಯುವ ಮುಂಚೆ ಹಳೆ ಮೊಳೆ ಎಲ್ಲಾ ಕೀಳಿಸಿ. ಅಯಸ್ಕಾಂತ ಆಡಿಸಿದರೆ ಒಳಗೆ ಮುರಿದು ಉಳಿದ ಮೊಳೆಯೂ ಸಿಗುತ್ತದೆ. ಗರಗಸದ ಪಟ್ಟಿ ಹೋದರೆ ಮಿಲ್ಲಿನವರು ನಿಮ್ಮ ಮೇಲೇ ಹಾಕುತ್ತಾರೆ. ಯಾವ ಮರ ಅಂತ ಅನುಮಾನ ಇದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ತುಂಡು ನೋಡಿ ಜಾತಿ ಗುರುತಿಸಿ ಕೊಡುತ್ತಾರೆ. ದೊಡ್ಡ ಖರೀದಿಗೆ ಅದು ಒಳ್ಳೆ ದಾರಿ.

ನವನಗರ ಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಮನೆಯಲ್ಲಿ ಅತ್ತೆಯವರಿಗೂ ಓದಿ ಹೇಳಿದೆ. ರೈಲು ಹಳಿಯ ವಿಷಯ ಕೇಳಿ ಅವರು ಪೈನ್‌ಗೆ ಅರ್ಧ ಒಪ್ಪಿದ್ದಾರೆ. ಈಗ ಹೀಗೆ ಅಂದುಕೊಂಡಿದ್ದೇವೆ. ಮುಂಬಾಗಿಲು, ಪಡುವಣ ಕಿಟಕಿ ಚೌಕಟ್ಟು ಸಾಗವಾನಿ ಚೇಗು. ಒಳಗಿನ ಬಾಗಿಲ ಚೌಕಟ್ಟು ಸಾಲ್. ಮಲಗುವ ಕೋಣೆ ಬಾಗಿಲಿಗೆ ಫ್ಲಶ್ ಡೋರ್. ಕಪಾಟಿನ ಬಾಗಿಲು, ಪುಸ್ತಕದ ಹಲಗೆ ಪೈನ್. ದೇವರ ಮನೆ ಬಾಗಿಲಿಗೆ ಗದಗದಿಂದ ಹಳೆ ತೊಲೆ ನೋಡುತ್ತೇವೆ. ಸಿಂಕ್ ಕೆಳಗಿನ ಡಬ್ಬಕ್ಕೆ ಪೈನ್ ಆಗುತ್ತದಾ? ಪೈನ್‌ಗೆ ಬಣ್ಣ ಹೊಡೆದರೆ ಗಂಟು ಕಾಣುತ್ತದೆ ಅಂತ ಕೇಳಿದ್ದೇನೆ, ಅದಕ್ಕೇನು ಮಾಡಬೇಕು?

ಧಾರವಾಡ ಸಿವಿಲ್

ಒಳ್ಳೆ ಹಂಚಿಕೆ ಅಕ್ಕಾ. ಸಿಂಕ್ ಕೆಳಗೆ ಪೈನ್ ಬೇಡ, ನೀರು ತಾಳುವ, ಐಎಸ್ 710 ಮುದ್ರೆಯ ಪ್ಲೈವುಡ್ ಹಾಕಿಸಿ. ನೆಲಕ್ಕೆ ತಾಗದಂತೆ ಕಾಲು ಕೊಡಿಸಿ. ಮನೆಯ ಗೆದ್ದಲು ಔಷಧಿ ಕೆಲಸ ತಳಪಾಯದ ಜೊತೆ ಆಗದಿದ್ದರೆ ನೆಲ ಹಾಕುವ ಮುಂಚೆ ಈಗಲೇ ಮುಗಿಸಿ. ಯಾವ ಮರ ಹಾಕಿದರೂ ಇದು ಬೇಕು.

ಕಲಘಟಗಿ ಬಡಿಗ

ಪೈನ್ ಗಂಟಿನಲ್ಲಿ ಅಂಟು ಇರುತ್ತದೆ, ಬಿಸಿಲಿಗೆ ಬಣ್ಣ ದಾಟಿ ಹಳದಿ ಕಲೆ ಬರುತ್ತದೆ. ಮೊದಲು ಗಂಟಿನ ಮೇಲೆ ಅರಗಿನ ಪಾಲಿಶ್ ಎರಡು ಕೈ ಹಚ್ಚಿ ಒಣಗಿಸಿ. ಆಮೇಲೆ ಪ್ರೈಮರ್, ಆಮೇಲೆ ಬಣ್ಣ. ಪೈನ್‌ನಲ್ಲಿ ಸ್ಕ್ರೂ ಹಿಡಿತ ಕಡಿಮೆ, ಬಿಜಾಗರಿಗೆ ಉದ್ದ ಸ್ಕ್ರೂ ಹಾಕಿಸಿ. ಸಾಲ್‌ಗೆ ಇದರ ಉಲ್ಟಾ. ಮೊದಲು ಡ್ರಿಲ್ ಹೊಡೆಯದೆ ಸ್ಕ್ರೂ ತಿರುಗಿಸಿದರೆ ಒಂದೋ ಸ್ಕ್ರೂ ಮುರಿಯುತ್ತದೆ, ಇಲ್ಲ ಮರ ಸೀಳುತ್ತದೆ.

ಚೌಕಟ್ಟು ನಿಲ್ಲಿಸುವ ಮುಂಚೆ ಗೋಡೆಗೆ ತಾಗುವ ಬೆನ್ನಿಗೆ, ಕೆಳಗಿನ ಕಡಿದ ತುದಿಗೆ ಮರದ ಔಷಧಿ ಎರಡು ಕೈ ಹಚ್ಚಿಸಿ. ಉಳಿದ ಮೂರು ಮುಖಕ್ಕೆ ಪ್ರೈಮರ್. ನೀರು ಕುಡಿಯುವುದು ಕಡಿದ ತುದಿಯಲ್ಲೇ ಜಾಸ್ತಿ, ಬಣ್ಣದವರು ಮರೆಯುವುದೂ ಅದನ್ನೇ. ಎರಡೂ ಬದಿ ಮೂರು ಮೂರು ಹೋಲ್ಡ್‌ಫಾಸ್ಟ್, ಅಂದರೆ ಚೌಕಟ್ಟನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ, ಕೊಡಿಸಿ. ಬಾಗಿಲನ್ನು ಮಾತ್ರ ಈಗ ತರಿಸಬೇಡಿ. ಪ್ಲಾಸ್ಟರ್, ನೆಲ ಎಲ್ಲಾ ಮುಗಿದು ಗೋಡೆ ಒಣಗಿದ ಮೇಲೆ ಬಾಗಿಲು ಮಾಡಿಸಿ. ಹಸಿ ಮನೆಯೊಳಗೆ ಇಟ್ಟರೆ ಒಣಗಿದ ಮರವೂ ಮತ್ತೆ ನೀರು ಕುಡಿಯುತ್ತದೆ.

ನವನಗರ ಮನೆ

ಸರಿ ಕಾಕಾ. ಬಾಗಿಲನ್ನು ದೀಪಾವಳಿ ಆದ ಮೇಲೆ ಮಾಡಿಸುತ್ತೇವೆ. ಭಾನುವಾರ ಗದಗಕ್ಕೆ ತೊಲೆ ನೋಡಲು ಹೋಗುತ್ತಿದ್ದೇವೆ, ದೇವರ ಮನೆ ಬಾಗಿಲಿಗೆ ಎಷ್ಟು ದಪ್ಪದ ತೊಲೆ ಇದ್ದರೆ ಸಾಕು?

ಕಲಘಟಗಿ ಬಡಿಗ

6 ಇಂಚು ಚೌಕದ, ಒಳ್ಳೆ ಭಾಗವೇ 7 ಅಡಿ ಸಿಗುವ ಒಂದು ತೊಲೆ ಇದ್ದರೆ ಎರಡು ಸಣ್ಣ ಕದದ ಒಂದು ಬಾಗಿಲಿಗೆ ಹಲಗೆ ಬರುತ್ತದೆ. ತುದಿ ಕತ್ತರಿಸಿದ ಮೇಲಿನ ಅಳತೆ ಅದು, ನೆನಪಿಡಿ. ಹೋಗುವಾಗ ಅಯಸ್ಕಾಂತ ಮತ್ತು ಸಣ್ಣ ಉಳಿ ಜೊತೆಗಿರಲಿ.